‘ಸರ, ಹಾಡು ಬ್ಯಾಡ್ರಿ, ವಯೊಲಿನ್ ಅಷ್ಟ ಕಲಿಸ್ರಿ’

ಜೂನ್‌ನಲ್ಲಿ ನನ್ನ ಕ್ಲಾಸಿಗೆ ಹೊಸ ಮಕ್ಕಳು ಬರುತ್ತಾರೆ. ಜುಲೈ ಮುಗಿಯುವಷ್ಟರಲ್ಲಿ ಅವರ ಅಪ್ಪ, ಅಮ್ಮ ಬರುತ್ತಾರೆ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ಛತ್ರಿ ಮಡಚಿ ಬಾಗಿಲ ಹತ್ತಿರ ಇಟ್ಟು, ಸ್ವಲ್ಪ ಸಂಕೋಚದಿಂದಲೇ ಮಾತು ತೆಗೆಯುತ್ತಾರೆ. “ಸರ, ಎರಡು ತಿಂಗಳಾತ್ರೀ. ಹುಡುಗ ಬರೇ ಸಾ ರೇ ಗ ಹಾಡಾಕತ್ತಾನ. ಪೆಟ್ಟಿಗಿ ತಗದ ಇಲ್ಲ. ವಯೊಲಿನ್ ಯಾವಾಗ ಶುರು ಮಾಡ್ತೀರಿ?”

ಶುರುವಾಗಿಯೇ ಎರಡು ತಿಂಗಳಾಯಿತು ಅಂದರೆ ನಂಬುವುದಿಲ್ಲ. ಪ್ರತಿ ವರ್ಷ ಇದೇ ಮಾತು. ಒಮ್ಮೊಮ್ಮೆ ಬೇಜಾರಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಕೂಡಿಟ್ಟ ದುಡ್ಡಿನಲ್ಲಿ ಮಗನಿಗೆ ವಯೊಲಿನ್ ಕೊಡಿಸಿದ ತಂದೆ ಹೀಗೆ ಕೇಳುವುದು ತಪ್ಪಲ್ಲ. ಅದಕ್ಕೇ ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಹಾರ್ಮೋನಿಯಂನಲ್ಲಿ ಪಟ್ಟಿ ಒತ್ತಿದರೆ ಸ್ವರ ಬರುತ್ತದೆ. ಸಿತಾರಿಗೆ ಪರದೆಗಳಿವೆ, ಅಂದರೆ ಸ್ವರದ ಜಾಗ ತೋರಿಸುವ ಅಡ್ಡಪಟ್ಟಿಗಳು. ವಯೊಲಿನ್ನಿನ ಕತ್ತಿನ ಮೇಲೆ ಏನೂ ಇಲ್ಲ, ನುಣ್ಣಗಿನ ಕರಿ ಹಲಗೆ ಅಷ್ಟೇ. ಪೂರ್ಣ ಅಳತೆಯ ವಯೊಲಿನ್ನಿನಲ್ಲಿ ತಂತಿಯ ನುಡಿಯುವ ಉದ್ದ ಸುಮಾರು 33 ಸೆಂ.ಮೀ. ಖಾಲಿ ತಂತಿಯನ್ನು ಸಾ ಅಂದುಕೊಳ್ಳಿ. ಕೋಮಲ ರೇ, ಅಂದರೆ ತಗ್ಗಿನ ರೇ, ಸುಮಾರು 2 ಸೆಂ.ಮೀ. ದೂರದಲ್ಲಿ ಸಿಗುತ್ತದೆ. ಅದೇ ತಂತಿಯಲ್ಲಿ ಮೇಲಿನ ಸಪ್ತಕಕ್ಕೆ, ಅಂದರೆ ಎತ್ತರದ ಸಾ ರೇ ಗಕ್ಕೆ, ಹೋದರೆ ಸಾ ಮತ್ತು ಕೋಮಲ ರೇ ನಡುವಿನ ಜಾಗ 1 ಸೆಂ.ಮೀ.ಗೆ ಇಳಿಯುತ್ತದೆ. ಬೆರಳಿನ ತುದಿಯೇ ಹೆಚ್ಚುಕಡಿಮೆ ಅಷ್ಟು ಅಗಲ ಇರುತ್ತದೆ. ಅಕ್ಕಿಕಾಳಿನಷ್ಟು ಬೆರಳು ಸರಿದರೂ ಅದು ಬೇರೆ ಸ್ವರ. ಈಗ ಹೇಳಿ, ಬೆರಳು ಸರಿಯಾದ ಜಾಗದಲ್ಲಿ ಕೂತಿದೆ ಅಂತ ಹುಡುಗನಿಗೆ ಯಾರು ಹೇಳಬೇಕು? ಅವನ ಕಿವಿ ಹೇಳಬೇಕು. ಆ ಕಿವಿಗೆ ಸ್ವರ ಮೊದಲೇ ಗೊತ್ತಿರಬೇಕು. ಸ್ವಂತ ಗಂಟಲಿನಿಂದ ನೂರು ಸಲ ಹೊರಗೆ ಬಂದ ಸ್ವರವನ್ನು ಕಿವಿ ಮರೆಯುವುದಿಲ್ಲ.

ಈಗ ಕೆಲವರು ಹಲಗೆಯ ಮೇಲೆ ಬಣ್ಣದ ಸ್ಟಿಕರ್ ಅಂಟಿಸಿ ಕಳಿಸುತ್ತಾರೆ. ಚಿಕ್ಕ ಮಕ್ಕಳಿಗೆ ಮೊದಲ ಕೆಲವು ವಾರ ಅದರಿಂದ ಸಹಾಯ ಆಗಬಹುದು, ಪೂರ್ತಿ ಬೇಡ ಅನ್ನುವುದಿಲ್ಲ. ಆದರೆ ದರಬಾರಿ ರಾಗದ ಗಂಧಾರಕ್ಕೆ, ಅಂದರೆ ಗ ಸ್ವರಕ್ಕೆ, ಸ್ಟಿಕರ್ ಎಲ್ಲಿ ಅಂಟಿಸುತ್ತೀರಿ? ಅದು ಮಾಮೂಲಿ ಕೋಮಲ ಗಂಧಾರಕ್ಕಿಂತ ಕೆಳಗೆ ಇರುತ್ತದೆ, ಮೇಲಾಗಿ ನಿಧಾನವಾಗಿ ತೂಗುತ್ತಿರುತ್ತದೆ. ನಿಂತಲ್ಲಿ ನಿಲ್ಲದ ಸ್ವರಕ್ಕೆ ಗುರುತು ಹಾಕಲು ಬರುವುದಿಲ್ಲ. ಗುರುಗಳು ಹಾಡಬೇಕು, ಶಿಷ್ಯ ಹಾಡಬೇಕು, ಆಮೇಲೆ ಬೆರಳು ಅದನ್ನು ಹುಡುಕಿಕೊಂಡು ಹೋಗಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ವಾದ್ಯ ಕಲಿತಿದ್ದಾರೆ. ಅವರಿಗೆ ಸ್ಟಿಕರ್ ಯಾವ ಉಪಯೋಗಕ್ಕೆ? ಬಾಯಿಂದ ಕಿವಿಗೆ, ಕಿವಿಯಿಂದ ಕೈಗೆ ಪಾಠ ನಡೆಯಿತು. ಅದೇ ಆಶ್ರಮದ ಗುರುಗಳು, ಹಾಡುಗಾರರಾಗಿದ್ದ ಪುಟ್ಟರಾಜ ಗವಾಯಿಗಳ ಕೈಯಲ್ಲಿ ವಯೊಲಿನ್ನೂ ಸೇರಿ ಎಷ್ಟೊಂದು ವಾದ್ಯಗಳು ನುಡಿದವು!

ಇದಿಷ್ಟು ಎಡಗೈ ವಿಷಯ. ಇದನ್ನು ಹೇಳಿದರೆ ಜನಕ್ಕೆ ಬೇಗ ತಿಳಿಯುತ್ತದೆ. ತಿಳಿಯದೇ ಉಳಿಯುವುದು ಬಲಗೈ.

ಬಲಗೈಯಲ್ಲಿ ಬೋ, ಅಂದರೆ ತಂತಿಯ ಮೇಲೆ ಎಳೆಯುವ ಕಮಾನು, ಇರುತ್ತದೆ. ಅದರ ಕೂದಲಿನ ಉದ್ದ ಸುಮಾರು 65 ಸೆಂ.ಮೀ. ಎಳೆಯುತ್ತಾ ಹೋದರೆ ಒಂದು ಕಡೆ ಮುಗಿಯುತ್ತದೆ, ತಿರುಗಿಸಲೇಬೇಕು. ಹಾಡುಗಾರನ ಉಸಿರು ಮುಗಿಯುವಂತೆ. ನಮ್ಮ ಕಡೆಯ ಕಿರಾಣಾ ಘರಾಣೆಯ ಗಾಯನ ಕೇಳಿದವರಿಗೆ ಗೊತ್ತು, ನಿಧಾನ ಗತಿಯ ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆ, ಅಂದರೆ ಹನ್ನೆರಡು ಎಣಿಕೆ, ಮುಗಿಯಲು ಮುಕ್ಕಾಲು ನಿಮಿಷ, ಕೆಲವು ಸಲ ಒಂದು ನಿಮಿಷವೂ ಬೇಕು. ಅಷ್ಟರಲ್ಲಿ ಬೋ ಎಷ್ಟೋ ಸಲ ತಿರುಗುತ್ತದೆ. ಎಲ್ಲಿ ತಿರುಗಬೇಕು? ಇಡೀ ವಿದ್ಯೆ ಈ ಪ್ರಶ್ನೆಯಲ್ಲಿದೆ.

ಪಾಲಕರಿಗೆ ನಾನು ಒಂದು ಸಣ್ಣ ಪರೀಕ್ಷೆ ಕೊಡುತ್ತೇನೆ. ‘ಅವ್ವ ಊರಿಗೆ ಹೋದಳು’ ಅನ್ನಿ ಅನ್ನುತ್ತೇನೆ. ಅನ್ನುತ್ತಾರೆ. ಈಗ ‘ಅವ್ವ ಊ’ ಅಂದು ನಿಲ್ಲಿಸಿ, ಉಸಿರು ತಗೊಂಡು, ‘ರಿಗೆ ಹೋ’ ಅಂದು ಮತ್ತೆ ಉಸಿರು ತಗೊಂಡು, ‘ದಳು’ ಅನ್ನಿ. ನಗುತ್ತಾರೆ. ನಿಮ್ಮ ಮಗ ವಯೊಲಿನ್ನಿನಲ್ಲಿ ಮಾಡುವುದು ಇದನ್ನೇ. ಬೋ ಮುಗಿದಲ್ಲಿ ತಿರುಗಿಸುತ್ತಾನೆ, ಮಾತು ಮುಗಿದಲ್ಲಿ ತಿರುಗಿಸುವುದಿಲ್ಲ. ಸ್ವರ ಒಂದೂ ತಪ್ಪಿರುವುದಿಲ್ಲ, ಆದರೂ ಕೇಳುವವರಿಗೆ ಏನೋ ಕಿರಿಕಿರಿ. ಬಂದಿಶಿನ, ಅಂದರೆ ರಾಗದಲ್ಲಿ ಕಟ್ಟಿದ ಹಾಡಿನ, ಸಾಹಿತ್ಯ ಬಾಯಿಪಾಠ ಇದ್ದು, ಅದನ್ನು ಹಾಡಿ ರೂಢಿಯಿದ್ದರೆ ಪದ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯಬಾರದು ಅಂತ ಕೈಗೆ ತಾನಾಗಿ ಗೊತ್ತಾಗುತ್ತದೆ. ಬೋ ಉಳಿಸುವುದು, ಖರ್ಚು ಮಾಡುವುದು, ತುದಿಗೆ ಬಂದಾಗ ಹಗುರ ಮಾಡುವುದು, ಇವೆಲ್ಲ ಉಸಿರಿನ ಲೆಕ್ಕ. ಹಾಡದವನಿಗೆ ಈ ಲೆಕ್ಕ ಕಲಿಸಲು ನನಗೆ ಬರುವುದಿಲ್ಲ. ಬೇರೆ ಗುರುಗಳಿಗೆ ಬರಬಹುದು.

ಕೆಲವು ವರ್ಷಗಳ ಹಿಂದೆ ಬ್ಯಾಡಗಿ ಕಡೆಯಿಂದ ಒಬ್ಬರು ಮಗನನ್ನು ಕರೆತಂದರು. ಮೆಣಸಿನಕಾಯಿ ವ್ಯಾಪಾರ. ಹುಡುಗ ಮೊಬೈಲ್ ನೋಡಿ ಒಂದು ಭಜನೆಯ ಧಾಟಿ ಕಲಿತಿದ್ದ. ಬೆರಳು ಚುರುಕು, ಬೋ ಮಾತ್ರ ಗರಗಸ. ತಂದೆಯದು ಅದೇ ಮಾತು, “ಹಾಡು ಬ್ಯಾಡ್ರಿ, ವಯೊಲಿನ್ ಅಷ್ಟ ಕಲಿಸ್ರಿ.” ನಾನು ವಾದ ಮಾಡಲಿಲ್ಲ. “ಈ ಭಜನಿ ನಿಮಗ ಬರ್ತದೇನ್ರೀ?” ಅಂದೆ. ಅವರು ಶ್ರಾವಣದಲ್ಲಿ ಊರ ಗುಡಿಯ ಭಜನಾ ಮೇಳದವರು. ಕಣ್ಣು ಮುಚ್ಚಿ ಹಾಡಿದರು. ಎಂಥ ತುಂಬು ದನಿ! ಎರಡನೇ ಸಲ ಹಾಡುವಾಗ ಹುಡುಗನಿಗೆ, “ಅಪ್ಪ ಉಸರ ತಗೊಂಡಲ್ಲೆ ಬೋ ತಿರಗಸು, ಮತ್ತೆಲ್ಲೂ ತಿರಗಸಬ್ಯಾಡ” ಅಂದೆ. ನಾಲ್ಕನೇ ಸಲಕ್ಕೆ ಗರಗಸ ನಿಂತಿತು. ಐದನೇ ಸಲಕ್ಕೆ ಅವರು ಹಾಡುವುದನ್ನು ಬಿಟ್ಟು ಮಗನ ಕೈಯನ್ನೇ ನೋಡುತ್ತಾ ಕೂತರು. ಆ ಹುಡುಗ ಈಗಲೂ ನನ್ನ ಹತ್ತಿರ ಕಲಿಯುತ್ತಿದ್ದಾನೆ. ವಾರಕ್ಕೆ ಎರಡು ಸಲ ಅಷ್ಟು ದೂರದಿಂದ ಬರುತ್ತಾನೆ.

ಎರಡನೇ ಪ್ರಶ್ನೆ ಬರುವುದು ನಾಲ್ಕೈದು ವರ್ಷಗಳ ಮೇಲೆ. ಹುಡುಗ ಕಚೇರಿ ಕಲಾವಿದ ಆಗ್ತಾನಾ? ಇದರಲ್ಲಿ ಜೀವನ ಆಗುತ್ತದಾ? ಖಾತ್ರಿ ಕೊಡಲು ನನ್ನಿಂದ ಆಗುವುದಿಲ್ಲ. ನನಗೆ ಗೊತ್ತಿರುವವರಲ್ಲಿ ಬರೀ ಕಚೇರಿಯಿಂದ ಮನೆ ನಡೆಸುವವರು ಕಡಿಮೆ. ಪಾಠ, ರೇಡಿಯೊ, ಸಾಥ್ (ಹಾಡುವವರ ಜೊತೆ ನುಡಿಸುವುದು), ರೆಕಾರ್ಡಿಂಗ್ ಎಲ್ಲ ಕೂಡಿ ಒಂದು ಸಂಸಾರ ನಡೆಯುತ್ತದೆ. ಆದರೆ ಇಲ್ಲೂ ಹಾಡಿನ ಮಾತೇ ಬರುತ್ತದೆ, ಹೇಗೆ ಅಂತ ಹೇಳುತ್ತೇನೆ.

ಬೆಂಗಳೂರು, ಮೈಸೂರು ಕಡೆಯ ಕರ್ನಾಟಕ ಸಂಗೀತದಲ್ಲಿ ಹಾಡುಗಾರರ ಪಕ್ಕ ವಯೊಲಿನ್ ಇರಲೇಬೇಕು. ಅಲ್ಲಿನ ಹುಡುಗನಿಗೆ ಪಕ್ಕವಾದ್ಯದಿಂದಲೇ ವೇದಿಕೆ ಸಿಗುತ್ತದೆ. ನಮ್ಮ ಹಿಂದೂಸ್ತಾನಿ ಖಯಾಲ್ ಗಾಯನದಲ್ಲಿ ಆ ಜಾಗ ಮೊದಲು ಸಾರಂಗಿಯದಾಗಿತ್ತು, ಈಗ ಹಾರ್ಮೋನಿಯಂನದು. ಹಾಗಾಗಿ ನಮ್ಮ ವಯೊಲಿನ್ ಕಲಾವಿದ ವೇದಿಕೆ ಮೇಲೆ ಒಬ್ಬನೇ ಒಂದು ಗಂಟೆ ರಾಗ ನಡೆಸಬೇಕು. ಕೇಳುವವರು ಯಾರು? ಕುಂದಗೋಳದಲ್ಲಿ ರಾತ್ರಿಯಿಡೀ ಕೂತು ಗಾಯನ ಕೇಳಿದ ಜನ. ಮನ್ಸೂರರು, ಗಂಗೂಬಾಯಿ, ರಾಜಗುರುಗಳಂಥ ಹಾಡುಗಾರರು ಓಡಾಡಿದ ಊರುಗಳ ಜನ. ಅವರ ಕಿವಿ ವಯೊಲಿನ್ನಿನಲ್ಲೂ ಗಾಯನವನ್ನೇ ಹುಡುಕುತ್ತದೆ. ಇನ್ನು ವಚನ, ದಾಸವಾಣಿಗೆ ಸಾಥ್ ಕೊಡುವುದಾದರೆ ಕೇಳುವುದೇ ಬೇಡ. ಹಾಡುವವರು ಕಾಳಿ ಒಂದರ ಶ್ರುತಿಯಲ್ಲಿ (ಹಾರ್ಮೋನಿಯಂನ ಮೊದಲ ಕರಿ ಪಟ್ಟಿ) ಹಾಡುತ್ತಾರೋ ಐದರಲ್ಲೋ, ಯಾವ ಸಾಲನ್ನು ತಿರುಗಿ ಹಿಡಿಯುತ್ತಾರೋ, ಎಲ್ಲ ಅವರ ಇಷ್ಟ. ಪದ ಗೊತ್ತಿಲ್ಲದವನು ಅರ್ಧ ಮಾತ್ರೆ ಹಿಂದೆಯೇ ಉಳಿಯುತ್ತಾನೆ. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಕಲಾವಿದರಿಗೆ ದೊಡ್ಡ ಆಸರೆ. ಬಿ, ಬಿ ಹೈ, ಎ, ಟಾಪ್ ಅಂತ ಅಲ್ಲಿಯ ಗ್ರೇಡುಗಳು. ಗ್ರೇಡು ಕೊಡುವ ಆಡಿಷನ್ನಿನಲ್ಲಿ ಕೈಚಳಕವನ್ನು ಕಣ್ಣಿಗೆ ತೋರಿಸಿ ಗೆಲ್ಲಲು ಆಗುವುದಿಲ್ಲ. ನಾದ ಒಂದೇ ಮಾತಾಡಬೇಕು.

ಹಿಂದೂಸ್ತಾನಿ ವಯೊಲಿನ್ನಿನ ಹಿರಿಯರ ದಾರಿ ನೋಡಿ. ಎನ್. ರಾಜಂ ಅವರು ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವರು. ಆಮೇಲೆ ಓಂಕಾರನಾಥ ಠಾಕೂರರ ಹತ್ತಿರ ಹೋದರು. ಠಾಕೂರರು ಹಾಡುಗಾರರು! ಡಿ.ಕೆ. ದಾತಾರರು ಕಲಿತದ್ದು ಡಿ.ವಿ. ಪಲುಸ್ಕರರ ಹತ್ತಿರ, ಅವರೂ ಹಾಡುಗಾರರು. ಗಜಾನನರಾವ್ ಜೋಶಿಯವರು ಹಾಡುತ್ತಿದ್ದರು, ವಯೊಲಿನ್ನೂ ನುಡಿಸುತ್ತಿದ್ದರು. ವಿ.ಜಿ. ಜೋಗ್ ಅವರ ವಾದನದಲ್ಲಿ ತಂತ್ರಕಾರಿ, ಅಂದರೆ ತಂತಿವಾದ್ಯದ್ದೇ ಆದ ಶೈಲಿ, ಜಾಸ್ತಿ, ಲಯದ ಆಟ ಜಾಸ್ತಿ, ಅದೂ ಒಂದು ದೊಡ್ಡ ದಾರಿಯೇ. ನನ್ನದೊಂದೇ ಸರಿ ಅನ್ನುವ ಹಟ ನನಗಿಲ್ಲ. ಆದರೆ ಜೋಗ್ ಅವರೂ ರಾತಂಜನಕರ್ ಅವರಂಥ ಗಾಯಕ ಗುರುಗಳಿಂದ ಕಲಿತಿದ್ದರು.

ನನ್ನ ಮೊದಲ ಸ್ವತಂತ್ರ ಕಾರ್ಯಕ್ರಮ ಗದಗಿನ ಹತ್ತಿರ ಒಂದು ಜಾತ್ರೆಯಲ್ಲಿ. ಆಗ ನನಗೆ ಇಪ್ಪತ್ತೆರಡು ವರ್ಷ. ಹಾಡಿನ ಪಾಠ ಸಾಕು ಅಂತ ಎರಡು ವರ್ಷ ಬಿಟ್ಟಿದ್ದೆ, ದಿನಕ್ಕೆ ಆರು ತಾಸು ಬರೀ ತಾನ್, ಅಂದರೆ ವೇಗದ ಸ್ವರಸಾಲು, ತಿಕ್ಕಿದ್ದೆ. ಚಪ್ಪಾಳೆ ಬಂತು. ಕೆಳಗೆ ಇಳಿದಾಗ ಒಬ್ಬ ಅಜ್ಜ ನನ್ನ ಕೈ ಹಿಡಿದರು. “ತಮ್ಮಾ, ಕೈ ಭಾಳ ಚಲೋ ಐತಿ. ಆದ್ರ ನೀ ಎಲ್ಲೆ ಉಸರ ತಗೊಂಡಿ, ಗೊತ್ತಾಗಲಿಲ್ಲ ನೋಡು.” ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುವಾರ ಗುರುಗಳ ಮನೆಗೆ ಹೋದೆ. ಅವರು ಏನೂ ಕೇಳದೆ ತಂಬೂರಿ ಮುಂದೆ ಸರಿಸಿದರು. ಮೂರು ತಿಂಗಳು ಭೀಮಪಲಾಸಿ ರಾಗ ಹಾಡಿಸಿದರು. ವಯೊಲಿನ್ ಪೆಟ್ಟಿಗೆ ಅವರ ಮಂಚದ ಕೆಳಗೇ ಇತ್ತು.

ಪಾಲಕರಿಗೆ ಒಂದು ಎಚ್ಚರಿಕೆ. ಮಗು ಚೆನ್ನಾಗಿ ಹಾಡಬೇಕು ಅಂತ ನಾನು ಕೇಳುತ್ತಿಲ್ಲ. ದನಿ ಒರಟಿರಲಿ, ಸಣ್ಣದಿರಲಿ, ಸ್ವರದ ಮೇಲೆ ನಿಂತರೆ ಸಾಕು. ಗಂಡುಹುಡುಗರಿಗೆ ಹನ್ನೆರಡು, ಹದಿಮೂರರ ಸುಮಾರಿಗೆ ಗಂಟಲು ಒಡೆಯುತ್ತದೆ. ಆಗ ಎತ್ತರದ ಸ್ವರಕ್ಕೆ ಒತ್ತಾಯ ಮಾಡಬೇಡಿ. ಕೆಳಗಿನ ಶ್ರುತಿಯಲ್ಲಿ, ಮೆಲ್ಲಗೆ, ಗುನುಗಿದರೂ ನಡೆಯುತ್ತದೆ. ದನಿ ತಿಂಗಳುಗಟ್ಟಲೆ ಕಟ್ಟಿಕೊಂಡೇ ಇದ್ದರೆ ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ. ಆ ದಿನಗಳಲ್ಲಿ ಹುಡುಗರಿಗೆ ಹಾಡಲು ನಾಚಿಕೆ ಜಾಸ್ತಿ. ಮನೆಯಲ್ಲಿ ಯಾರೂ ನಗಬೇಡಿ. ಅಣ್ಣ ತಮ್ಮಂದಿರಿಗೂ ಹೇಳಿಡಿ.