ಅನಿಮೆ ಡಬ್ಬಿಂಗ್: ಬದಲಾಗುವ ಸಂಗೀತ, ಬದಲಾಗುವ ಮಾತಿನ ಧಾಟಿ

ಹಯಾವೊ ಮಿಯಾಝಾಕಿ 1986ರಲ್ಲಿ ನಿರ್ದೇಶಿಸಿದ ‘ಕ್ಯಾಸಲ್ ಇನ್ ದ ಸ್ಕೈ’ ಎಂಬ ಅನಿಮೆ, ಅಂದರೆ ಜಪಾನಿ ಆನಿಮೇಷನ್ ಚಿತ್ರ, ರಾತ್ರಿಯ ಮೋಡಗಳ ನಡುವೆ ತೇಲುವ ಒಂದು ವಾಯುನೌಕೆಯಿಂದ ಆರಂಭವಾಗುತ್ತದೆ. ಆಕಾಶದಲ್ಲಿ ದರೋಡೆ ನಡೆಸುವ ತಂಡವೊಂದು ಕೀಟದಂತೆ ರೆಕ್ಕೆ ಬಡಿಯುವ ಪುಟ್ಟ ಯಂತ್ರಗಳನ್ನೇರಿ ಬಂದು ಅದರ ಮೇಲೆ ಎರಗುತ್ತದೆ. ಒಳಗೆ ಸೆರೆಯಾಗಿರುವ ಹುಡುಗಿ ತನ್ನನ್ನು ಕಾಯುತ್ತಿದ್ದವನ ತಲೆಗೆ ಬಾಟಲಿಯಿಂದ ಹೊಡೆದು, ಕಿಟಕಿಯಾಚೆ ನುಸುಳಿ, ಕೊನೆಗೆ ಕೈಜಾರಿ ಬೀಳುತ್ತಾಳೆ. ಜಪಾನಿ ಮೂಲದಲ್ಲಿ ಈ ದಾಳಿಗೆ ಹಿನ್ನೆಲೆ ಸಂಗೀತವೇ ಇಲ್ಲ. ಗಾಳಿ, ಯಂತ್ರಗಳ ಗುಂಯ್‌ಗುಡುವಿಕೆ, ಕೂಗಾಟ, ಇಷ್ಟೇ. ಆಕೆ ಬಿದ್ದ ಮೇಲೆಯೇ ವಾದ್ಯಗಳು ಬಾಯಿ ಬಿಡುತ್ತವೆ.

ಡಿಸ್ನಿ ಸಂಸ್ಥೆ ಸಿದ್ಧಪಡಿಸಿದ ಇಂಗ್ಲಿಷ್ ಆವೃತ್ತಿಯಲ್ಲಿ ಇದೇ ದೃಶ್ಯಕ್ಕೆ ವಾದ್ಯವೃಂದದ ಸಂಗೀತವಿದೆ. ಅದನ್ನು ಬರೆದವರು ಬೇರೆ ಯಾರೂ ಅಲ್ಲ, ಮೂಲ ಚಿತ್ರಕ್ಕೆ ಸಂಗೀತ ನೀಡಿದ್ದ ಜೋ ಹಿಸಾಯಿಶಿ ಅವರೇ. 124 ನಿಮಿಷಗಳ ಚಿತ್ರದಲ್ಲಿ ಸುಮಾರು ಒಂದು ಗಂಟೆಯಷ್ಟಿದ್ದ ಸಂಗೀತವನ್ನು ಅವರು ಸುಮಾರು ಒಂದೂವರೆ ಗಂಟೆಗೆ ಹಿಗ್ಗಿಸಿದರು. ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಸಂಗೀತ ಕೇಳಿಸದಿದ್ದರೆ ಹೊರದೇಶದ ಪ್ರೇಕ್ಷಕರಿಗೆ ಕಸಿವಿಸಿಯಾಗುತ್ತದೆ ಎಂಬುದು ಡಿಸ್ನಿಯವರ ನಂಬಿಕೆಯಾಗಿತ್ತೆಂದು ಹಿಸಾಯಿಶಿ ಹೇಳಿಕೊಂಡಿದ್ದಾರೆ. ಸೊಸೆ ಕತ್ತು ಹೊರಳಿಸಿದರೂ ಮೂರು ಸಲ ಸಿಡಿಲು ಬಡಿಯುವ ಧಾರಾವಾಹಿಗಳನ್ನು ನೋಡಿ ಬೆಳೆದ ನಾವು ಈ ನಂಬಿಕೆಯನ್ನು ಕಂಡು ನಗುವಂತಿಲ್ಲ.

ಮಾತನ್ನು ಬದಲಿಸಲು ಹೊರಟವರು ಸಂಗೀತಕ್ಕೇಕೆ ಕೈ ಹಾಕುತ್ತಾರೆ ಎಂಬ ಪ್ರಶ್ನೆಗೆ ಅಭಿರುಚಿಯೊಂದೇ ಉತ್ತರವಲ್ಲ. ಡಬ್ಬಿಂಗ್ ಸುಸೂತ್ರವಾಗಿ ನಡೆಯಬೇಕಾದರೆ ಮೂಲ ನಿರ್ಮಾಪಕರು ಮಾತನ್ನು ಹೊರತುಪಡಿಸಿ ಸಂಗೀತ ಮತ್ತು ಸದ್ದುಗಳನ್ನು ಮಾತ್ರ ಒಳಗೊಂಡ ಧ್ವನಿಪಟ್ಟಿಯೊಂದನ್ನು ಕೊಡಬೇಕು. ಚಿತ್ರರಂಗದವರು ಇದನ್ನು ‘ಎಂ ಅಂಡ್ ಇ (ಮ್ಯೂಸಿಕ್ ಅಂಡ್ ಎಫೆಕ್ಟ್ಸ್) ಟ್ರ್ಯಾಕ್’ ಎನ್ನುತ್ತಾರೆ. ಅದು ಕೈಗೆ ಸಿಕ್ಕರೆ ಕಂಠದಾನ ಕಲಾವಿದರ ಹೊಸ ಮಾತನ್ನು ಅದರ ಮೇಲೆ ಕೂರಿಸಿದರಾಯಿತು. ಅದು ಇಲ್ಲದೆ, ಮಾತು ಸಂಗೀತ ಎರಡೂ ಒಂದೇ ಪಟ್ಟಿಯಲ್ಲಿ ಬೆರೆತುಹೋಗಿದ್ದರೆ, ಮಾತು ಅಳಿಸಿದಲ್ಲೆಲ್ಲ ಸಂಗೀತವೂ ಅಳಿಸಿಹೋಗುತ್ತದೆ, ಅಲ್ಲಿ ಹೊಸದನ್ನು ಕಟ್ಟಬೇಕಾಗುತ್ತದೆ. ಸ್ಟೀರಿಯೊ ಧ್ವನಿಯಲ್ಲಾದರೆ ಒಂದು ಹಳೆಯ ಉಪಾಯವುಂಟು. ಮಾತು ಸಾಮಾನ್ಯವಾಗಿ ಎಡ ಬಲ ಎರಡೂ ಕಡೆ ಸಮಪ್ರಮಾಣದಲ್ಲಿ ಇರುವುದರಿಂದ, ಒಂದರ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದಾಗ ಮಾತು ತನ್ನನ್ನು ತಾನೇ ರದ್ದುಪಡಿಸಿಕೊಳ್ಳುತ್ತದೆ. ಅಗ್ಗದ ಕ್ಯಾರಿಯೋಕೆ ಪೆಟ್ಟಿಗೆಗಳು ಮಾಡುತ್ತಿದ್ದುದೂ ಇದನ್ನೇ. ಆದರೆ ನಡುವೆ ಕೂರಿಸಿದ ತಮಟೆಯ ಪೆಟ್ಟೂ ಮಾತಿನ ಜೊತೆಗೇ ಮಾಯವಾಗುತ್ತದೆ, ಮತ್ತು ಒಂದೇ ವಾಹಿನಿಯ ಮೋನೊ ಧ್ವನಿಯಲ್ಲಿ ಕಳೆಯುವುದಕ್ಕೆ ಇನ್ನೊಂದು ಅಲೆಯೇ ಇರುವುದಿಲ್ಲ. 2019ರಲ್ಲಿ ಡೀಜರ್ ಸಂಸ್ಥೆ ಮುಕ್ತವಾಗಿ ಬಿಡುಗಡೆ ಮಾಡಿದ ‘ಸ್ಪ್ಲೀಟರ್’ನಂಥ ತಂತ್ರಾಂಶಗಳು ಧ್ವನಿಯ ಆವರ್ತನ ಚಿತ್ರದಲ್ಲಿ ಯಾವ ಚುಕ್ಕೆ ಕಂಠದ್ದು, ಯಾವುದು ವಾದ್ಯದ್ದು ಎಂದು ಅಂದಾಜಿಸಿ ಎರಡನ್ನೂ ಬೇರ್ಪಡಿಸುತ್ತವೆ. ಕಂಠ ಮತ್ತು ಪಿಟೀಲು ಒಂದೇ ಆವರ್ತನದಲ್ಲಿ ಒಂದರ ಮೇಲೊಂದು ಬಿದ್ದಾಗ ಮಾತಿನ ನೆರಳು ಸಂಗೀತದಲ್ಲಿ ಉಳಿಯುವುದುಂಟು.

ಸಂಗೀತ ಬದಲಾದರೆ ಪಾತ್ರವೂ ಬದಲಾಗುತ್ತದೆಯೇ? 1944ರಲ್ಲಿ ಮನಶ್ಶಾಸ್ತ್ರಜ್ಞರಾದ ಫ್ರಿಟ್ಸ್ ಹೈಡರ್ ಮತ್ತು ಮರಿಯಾನ್ ಸಿಮ್ಮೆಲ್ ಎರಡು ತ್ರಿಕೋನ ಮತ್ತು ಒಂದು ವೃತ್ತ ಅತ್ತಿತ್ತ ಚಲಿಸುವ ಪುಟ್ಟ ಚಿತ್ರವೊಂದನ್ನು ತಯಾರಿಸಿದ್ದರು. ನೋಡಿದವರಲ್ಲಿ ಬಹುಪಾಲು ಜನ ಅದರಲ್ಲಿ ಜಗಳ, ಬೆದರಿಕೆ, ಪಲಾಯನಗಳ ಕಥೆಯನ್ನೇ ಕಂಡಿದ್ದರು. 1988ರಲ್ಲಿ ಸಾಂಡ್ರಾ ಮಾರ್ಷಲ್ ಮತ್ತು ಅನಬೆಲ್ ಕೋಹೆನ್ ಅದೇ ಚಿತ್ರಕ್ಕೆ ಬೇರೆ ಬೇರೆ ಸಂಗೀತ ಜೋಡಿಸಿ ತೋರಿಸಿದಾಗ, ಆಕೃತಿಗಳ ಗುಣಸ್ವಭಾವದ ಬಗ್ಗೆ ನೋಡುಗರ ಅಭಿಪ್ರಾಯವೂ ಸಂಗೀತವನ್ನು ಅನುಸರಿಸಿ ಬದಲಾಯಿತು. ಮುಖವೇ ಇಲ್ಲದ ತ್ರಿಕೋನದ ಪಾಡು ಹೀಗಾದರೆ, ಅಗಲ ಕಣ್ಣಿನ ಅನಿಮೆ ಪಾತ್ರದ ಮಾತೇನು.

‘ಡ್ರ್ಯಾಗನ್ ಬಾಲ್ ಝೀ’ ಸರಣಿಯ ಅಭಿಮಾನಿಗಳಿಗೆ ಇದನ್ನು ಪ್ರಯೋಗಾಲಯದಿಂದ ತೋರಿಸಬೇಕಾಗಿಲ್ಲ. ಜಪಾನಿನಲ್ಲಿ 1989ರಿಂದ 1996ರವರೆಗೆ ಪ್ರಸಾರವಾದ ಆ ಸರಣಿಗೆ ಶುನ್ಸುಕೆ ಕಿಕುಚಿ ವಾದ್ಯವೃಂದದ ಸಂಗೀತ ನೀಡಿದ್ದರು. ಅಲ್ಲಿನ ಟಿ.ವಿ. ಸರಣಿಗಳಲ್ಲಿ ನಾನಾ ಭಾವಗಳಿಗೆ ಹೊಂದುವ ತುಣುಕುಗಳನ್ನು ಮೊದಲೇ ಮುದ್ರಿಸಿಟ್ಟುಕೊಂಡು, ಪ್ರತಿ ಕಂತಿಗೂ ಬೇಕಾದ್ದನ್ನು ಆಯ್ದು ಕೂರಿಸುವುದು ರೂಢಿ. ಎಲ್ಲಿ ಕೂರಿಸಬಾರದು ಎಂಬುದೂ ಆ ಆಯ್ಕೆಯ ಭಾಗವೇ. ಅಮೆರಿಕದ ಫ್ಯೂನಿಮೇಷನ್ ಸಂಸ್ಥೆಯ ಡಬ್ಬಿಂಗ್‌ಗೆ 1999ರಿಂದ ಬ್ರೂಸ್ ಫಾಕ್ನರ್ ತಂಡ ಸಿಂಥಸೈಸರ್ ಮತ್ತು ಗಿಟಾರ್ ತುಂಬಿದ, ಹೆಚ್ಚುಕಡಿಮೆ ಬಿಡುವಿಲ್ಲದೆ ಹರಿಯುವ ಸಂಗೀತವನ್ನು ಹೊಸದಾಗಿ ಕಟ್ಟಿತು. ಇಬ್ಬರು ಯೋಧರು ಗಾಳಿಯ ಸದ್ದೊಂದನ್ನೇ ಕೇಳುತ್ತ ಒಬ್ಬರನ್ನೊಬ್ಬರು ದಿಟ್ಟಿಸುವ ದೃಶ್ಯಕ್ಕೂ ಈಗ ತಾಳ ಬಂತು. ಒಂದು ಪೀಳಿಗೆಯ ಅಮೆರಿಕನ್ ಮಕ್ಕಳಿಗೆ ಇದೇ ಮೂಲ ಸಂಗೀತ. ಅವರನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ, ಆದರೆ ಅವರು ನೋಡಿದ ಕಥಾನಾಯಕ ಗೋಕು ಜಪಾನಿ ಮಕ್ಕಳು ನೋಡಿದ ಗೋಕುವಿಗಿಂತ ಗಡುಸಾದವನು.

ಗಡುಸಾದದ್ದು ಸಂಗೀತದಿಂದಷ್ಟೇ ಅಲ್ಲ. ಜಪಾನಿಯಲ್ಲಿ ಗೋಕು ತನ್ನನ್ನು ‘ಓರಾ’ ಎಂದು ಕರೆದುಕೊಳ್ಳುತ್ತಾನೆ. ‘ನಾನು’ ಎಂಬುದಕ್ಕೆ ಹಳ್ಳಿಗಾಡಿನವರು ಬಳಸುವ ಮಾತು ಅದು. ಲೋಕದ ಅತಿ ಬಲಶಾಲಿ ಯೋಧ ಬೆಟ್ಟದ ಮೂಲೆಯಲ್ಲಿ ಬೆಳೆದ ಹಳ್ಳಿಹೈದ ಎಂಬುದು ಆ ಎರಡಕ್ಷರದಲ್ಲೇ ಕೇಳಿಸುತ್ತದೆ. ‘ನಾನು’ ಎನ್ನಲು ಇಂಗ್ಲಿಷಿನಲ್ಲಿರುವುದು ಒಂದೇ ಅಕ್ಷರವಾದ್ದರಿಂದ ಆ ಹಳ್ಳಿ ಅಲ್ಲಿ ಕಾಣೆಯಾಯಿತು.

ಮಾತಿನ ಧಾಟಿಯ ಸಮಸ್ಯೆ ಪೂರ್ತಿಯಾಗಿ ತೆರೆದುಕೊಳ್ಳುವುದು 2002ರ ‘ಅಝುಮಾಂಗಾ ದಾಯ್ಓ’ ಎಂಬ ಶಾಲಾ ಹಾಸ್ಯ ಸರಣಿಯಲ್ಲಿ. ಟೋಕಿಯೊದ ಹೈಸ್ಕೂಲಿಗೆ ಒಸಾಕಾದಿಂದ ಬಂದು ಸೇರುವ ಹುಡುಗಿಗೆ ಎಲ್ಲರೂ ‘ಒಸಾಕಾ’ ಎಂದೇ ಅಡ್ಡಹೆಸರಿಡುತ್ತಾರೆ. ಒಸಾಕಾ ಪ್ರದೇಶದ ಜಪಾನಿ ಟೋಕಿಯೊದ ಜಪಾನಿಗಿಂತ ಪದಗಳಲ್ಲಷ್ಟೇ ಅಲ್ಲ, ಸ್ವರದ ಏರಿಳಿತದಲ್ಲೂ ಭಿನ್ನ. ‘ಹಶಿ’ ಎಂಬುದರ ಮೊದಲ ಅಕ್ಷರವನ್ನು ಎತ್ತರದಲ್ಲೂ ಎರಡನೆಯದನ್ನು ತಗ್ಗಿನಲ್ಲೂ ನುಡಿದರೆ ಟೋಕಿಯೊದಲ್ಲಿ ಊಟದ ಕಡ್ಡಿ ಎಂದರ್ಥ, ಒಸಾಕಾದಲ್ಲಿ ಸೇತುವೆ. ಇಂಥ ವ್ಯತ್ಯಾಸವನ್ನು ಹಾಗೆಯೇ ಎತ್ತಿ ಇಂಗ್ಲಿಷಿಗೆ ಇಡುವುದು ಸಾಧ್ಯವೇ ಇಲ್ಲ. ಆದ್ದರಿಂದ ಹ್ಯೂಸ್ಟನ್ ನಗರದ ಡಬ್ಬಿಂಗ್ ಸಂಸ್ಥೆ ಆಕೆಗೆ ಅಮೆರಿಕದ ದಕ್ಷಿಣದ ರಾಜ್ಯಗಳ, ಸ್ವರಗಳನ್ನು ಎಳೆದೆಳೆದು ನುಡಿಯುವ ಧಾಟಿಯನ್ನು ಕೊಟ್ಟಿತು.

ಜಾಣ ಆಯ್ಕೆಯೇನೋ ಹೌದು, ಆದರೆ ತಮಾಷೆ ಇಲ್ಲಿ ಮಗ್ಗುಲು ಬದಲಿಸುತ್ತದೆ. ಜಪಾನಿನಲ್ಲಿ ಒಸಾಕಾದವರೆಂದರೆ ಚುರುಕು ಬಾಯಿಯ, ವ್ಯಾಪಾರ ಬಲ್ಲ, ಮಾತಿಗೆ ಮಾತು ಎಸೆಯುವ ಹಾಸ್ಯಗಾರರು ಎಂಬ ಕಲ್ಪನೆಯಿದೆ. ಜೋಡಿ ಹಾಸ್ಯ ಪ್ರಕಾರವಾದ ಮಂಝಾಯ್‌ಗೆ ಆ ಊರು ಹೆಸರುವಾಸಿ. ಸಹಪಾಠಿಗಳೂ ಅದನ್ನೇ ನಿರೀಕ್ಷಿಸುತ್ತಾರೆ. ಬಂದವಳು ನೋಡಿದರೆ ಕಿಟಕಿಯಾಚೆ ದಿಟ್ಟಿಸುತ್ತ ಏನೋ ಯೋಚಿಸುತ್ತ ಕೂರುವ, ನಿಧಾನವೇ ಮೈವೆತ್ತ ಹುಡುಗಿ. ನಗು ಹುಟ್ಟುವುದು ಧಾಟಿಗೂ ಸ್ವಭಾವಕ್ಕೂ ಇರುವ ಈ ವಿರೋಧದಿಂದ. ಅಮೆರಿಕದಲ್ಲಿ ದಕ್ಷಿಣದ ಎಳೆದಾಟದ ಮಾತಿಗೆ ಅಂಟಿಕೊಂಡಿರುವ ಪೂರ್ವಗ್ರಹವೇ ನಿಧಾನ ಬುದ್ಧಿಯವರು ಎಂಬುದು. ಹಾಗಾಗಿ ಮೂಲದಲ್ಲಿ ನಿರೀಕ್ಷೆಯನ್ನು ಸುಳ್ಳು ಮಾಡಿದ ಹುಡುಗಿ ಡಬ್ಬಿಂಗ್‌ನಲ್ಲಿ ನಿರೀಕ್ಷೆಯನ್ನು ನಿಜ ಮಾಡುತ್ತಾಳೆ. ಕನ್ನಡಕ್ಕೆ ತರುವವರು ಆಕೆಗೆ ‘ಏನ್ ಮಾಡಾಕತ್ತೀರಿ’ ಎನ್ನುವ ಧಾರವಾಡದ ಮಾತು ಕೊಡುವರೋ, ಕುಂದಾಪುರದ್ದನ್ನು ಕೊಡುವರೋ? ಯಾವುದನ್ನು ಕೊಟ್ಟರೂ ಆ ಸೀಮೆಯ ಬಗ್ಗೆ ನಮ್ಮಲ್ಲಿರುವ ಕಲ್ಪನೆಗಳೂ ಆಕೆಯ ಬೆನ್ನು ಹತ್ತಿಯೇ ಬರುತ್ತವೆ.

ಧಾಟಿಗೆ ಇಷ್ಟು ಬಲವಿದೆಯೆಂಬುದನ್ನು ಮನಶ್ಶಾಸ್ತ್ರಜ್ಞ ವಾಲೆಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದ್ದರು. ಕೆನಡಾದ ಮಾಂಟ್ರಿಯಲ್‌ನಲ್ಲಿ, ಎರಡೂ ಭಾಷೆಗಳನ್ನು ಬಲ್ಲ ಕೆಲವರು ಒಂದೇ ಬರಹವನ್ನು ಒಮ್ಮೆ ಇಂಗ್ಲಿಷಿನಲ್ಲೂ ಒಮ್ಮೆ ಫ್ರೆಂಚಿನಲ್ಲೂ ಓದಿದರು. ಎರಡೂ ಕಂಠ ಒಬ್ಬರದೇ ಎಂದು ತಿಳಿಯದ ಕೇಳುಗರು ಇಂಗ್ಲಿಷಿನಲ್ಲಿ ಓದಿದಾಗ ಅದೇ ವ್ಯಕ್ತಿಯನ್ನು ಹೆಚ್ಚು ಬುದ್ಧಿವಂತನೆಂದೂ ಹೆಚ್ಚು ಎತ್ತರದವನೆಂದೂ ಅಂದಾಜಿಸಿದರು. ಫ್ರೆಂಚ್ ಮಾತೃಭಾಷೆಯ ಕೇಳುಗರ ಒಟ್ಟಾರೆ ಒಲವೂ ಇಂಗ್ಲಿಷಿನ ಕಡೆಗೇ ಇತ್ತು.

‘ಡ್ರ್ಯಾಗನ್ ಬಾಲ್ ಝೀ’ಯ ನಂತರದ ಅಮೆರಿಕನ್ ಡಿವಿಡಿಗಳಲ್ಲಿ ಇಂಗ್ಲಿಷ್ ಮಾತಿನ ಜೊತೆ ಕಿಕುಚಿಯವರ ಜಪಾನಿ ಸಂಗೀತವನ್ನು ಕೇಳುವ ಆಯ್ಕೆಯನ್ನೂ ಕೊಡಲಾಯಿತು, ರಿಮೋಟಿನ ಒಂದು ಗುಂಡಿ ಒತ್ತಿದರೆ ಹಳೆಯ ಮೌನಗಳೂ ಮರಳುತ್ತವೆ. ಸಂಗೀತ ಬೇರೆ ಪಟ್ಟಿಯಲ್ಲಿ ಇರುವುದರಿಂದ ಅದು ಸಾಧ್ಯವಾಯಿತು. ಒಸಾಕಾದ ಹುಡುಗಿಯ ಧಾಟಿಯಾದರೋ ಆಕೆಯ ಕಂಠದೊಳಗೇ ಇದೆ, ಅದಕ್ಕೆ ಪ್ರತ್ಯೇಕ ಗುಂಡಿಯಿಲ್ಲ.