ಬೆನ್ನ ಮೇಲಿನ ಒಂದು ಕೆಜಿ: ಕುದುರೆ ರೇಸಿನಲ್ಲಿ ತೂಕದ ಕಥೆ

ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸಿನಲ್ಲಿ ಸೀಸನ್ ಶುರುವಾಯಿತೆಂದರೆ ಮೈಸೂರಿನ ಟೀ ಅಂಗಡಿಗಳ ಮುಂದೆ ರೇಸ್ ಬುಕ್ ಬಿಡಿಸಿಕೊಂಡು ನಿಂತವರ ಬಾಯಲ್ಲಿ ಎರಡು ಮಾತು ಕೇಳಿಬರುತ್ತವೆ. 'ಟಾಪ್ ವೇಟ್ ಕುದುರೆ ಬಿಟ್ಹಾಕಿ ಸಾರ್, ಅಷ್ಟು ಭಾರ ಹೊತ್ಕೊಂಡು ಎಲ್ಲಿ ಗೆಲ್ಲುತ್ತೆ?' ಎಂಬುದು ಒಂದು. 'ಐನೂರು ಕೆಜಿ ಪ್ರಾಣಿಗೆ ಎರಡು ಕೆಜಿ ಯಾವ ಲೆಕ್ಕ?' ಎಂಬುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ. ಏಕೆಂದು ತಿಳಿಯಲು ಸುಮಾರು ಇನ್ನೂರ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಹ್ಯಾಂಡಿಕ್ಯಾಪ್ ರೇಸೆಂದರೆ ಬಲವಾದ ಕುದುರೆಗೆ ಹೆಚ್ಚು ತೂಕ, ದುರ್ಬಲ ಕುದುರೆಗೆ ಕಡಿಮೆ ತೂಕ ಹೊರಿಸಿ, ಎಲ್ಲಕ್ಕೂ ಗೆಲ್ಲುವ ಅವಕಾಶ ಒದಗಿಸುವ ರೇಸು. ಎಷ್ಟು ತೂಕ ಎಂದು ನಿಗದಿ ಮಾಡುವವನು ಹ್ಯಾಂಡಿಕ್ಯಾಪರ್. ಆ ತೂಕದಲ್ಲಿ ಜಾಕಿಯ ಮೈತೂಕವೂ ಜೀನೂ ಸೇರಿರುತ್ತವೆ. ರೇಸಿಗೆ ಮುಂಚೆ ಜಾಕಿ ಜೀನು ಹಿಡಿದುಕೊಂಡೇ ತಕ್ಕಡಿ ಏರುತ್ತಾನೆ. 58 ಕೆಜಿ ಆಗಬೇಕಾದಲ್ಲಿ 54 ಮಾತ್ರ ಬಂದರೆ, ಜೀನಿನಡಿಯ ಬಟ್ಟೆಯ ಜೇಬುಗಳಿಗೆ ಸೀಸದ ತಗಡು ತುರುಕಿ ಉಳಿದ ನಾಲ್ಕನ್ನು ಭರ್ತಿ ಮಾಡುತ್ತಾರೆ. ಜಾಕಿಯ ದೇಹ ಕುದುರೆಯ ಚಲನೆಗೆ ತಕ್ಕಂತೆ ತೂಗುತ್ತದೆ. ಸೀಸ ಮಾತ್ರ ಸುಮ್ಮನೆ ಹೇರಿಕೊಂಡು ಕೂತಿರುತ್ತದೆ. ಅದಕ್ಕೇ 'ಸತ್ತ ತೂಕ' ಹೆಚ್ಚಿದ್ದರೆ ಕುದುರೆಗೆ ಕಷ್ಟ ಎಂದು ಎಷ್ಟೋ ಟ್ರೈನರ್‌ಗಳು ನಂಬುತ್ತಾರೆ.

ಈ ಪದ್ಧತಿಯ ಆರಂಭದ ದೊಡ್ಡ ಉದಾಹರಣೆ ಇಂಗ್ಲೆಂಡಿನ ಆಸ್ಕಟ್‌ನ ಓಟ್‌ಲ್ಯಾಂಡ್ಸ್ ಸ್ಟೇಕ್ಸ್. 1791ರಲ್ಲಿ ಅಲ್ಲಿ 19 ಕುದುರೆ ಓಡಿ, ವೇಲ್ಸ್ ರಾಜಕುಮಾರನ ಬ್ಯಾರೊನೆಟ್ ಎಂಬ ಕುದುರೆ ಗೆದ್ದಿತು. ಅದಕ್ಕೂ ಮುಂಚೆ ದೊಡ್ಡ ರೇಸುಗಳಲ್ಲಿ ಒಳ್ಳೆಯ ಕುದುರೆ ಇದ್ದವನೇ ಮತ್ತೆ ಮತ್ತೆ ಗೆಲ್ಲುತ್ತಿದ್ದ, ಉಳಿದವರು ಓಡಿಸಲು ಬರುತ್ತಿರಲಿಲ್ಲ. ತೂಕದ ಏರ್ಪಾಟು ಬಂದ ಮೇಲೆ ಸಾಧಾರಣ ಕುದುರೆ ಸಾಕಿದವನಿಗೂ ಆಸೆ ಹುಟ್ಟಿತು. ರೇಸು ನಡೆಯಬೇಕಾದರೆ ಇಂಥವರೇ ಬೇಕು; ಇದು ಇವತ್ತಿನ ಮೈಸೂರಿಗೂ ಸಲ್ಲುವ ಮಾತು.

ಊಹೆಯಲ್ಲಿ ನಡೆಯುತ್ತಿದ್ದ ಕೆಲಸವನ್ನು ಕ್ರಮಕ್ಕೆ ತಂದವನು ಅಡ್ಮಿರಲ್ ಹೆನ್ರಿ ರೌಸ್. ನೌಕಾಪಡೆಯಿಂದ ಬಂದವನು, 1855ರಲ್ಲಿ ಬ್ರಿಟನ್ನಿನ ಸಾರ್ವಜನಿಕ ಹ್ಯಾಂಡಿಕ್ಯಾಪರ್ ಆದ. ಯಾವ ವಯಸ್ಸಿನ ಕುದುರೆ, ಯಾವ ತಿಂಗಳಲ್ಲಿ, ಎಷ್ಟು ದೂರಕ್ಕೆ, ಎಷ್ಟು ತೂಕ ಹೊರಬೇಕು ಎಂಬ ಪಟ್ಟಿ ಅವನದು. ಮಂಡ್ಯ ಕಡೆಯ ದನದ ಜಾತ್ರೆಯಲ್ಲಿ ಹೋರಿಯ ಹಲ್ಲು ನೋಡಿ ವಯಸ್ಸು ಗೊತ್ತುಮಾಡಿಕೊಂಡ ಮೇಲೆಯೇ ಬೆಲೆ ಮಾತಾಡುವ ಹಾಗೆ, ಬೆಳೆಯುವ ಕುದುರೆಯನ್ನೂ ಬೆಳೆದ ಕುದುರೆಯನ್ನೂ ಒಂದೇ ಅಳತೆಯಲ್ಲಿ ನೋಡಬಾರದು ಎಂಬುದು ಅವನ ವಾದ. 1851ರಲ್ಲಿ ಯಾರ್ಕ್‌ನಲ್ಲಿ ಅದರ ಪರೀಕ್ಷೆ ನಡೆಯಿತು. ಐದು ವರ್ಷದ ಫ್ಲೈಯಿಂಗ್ ಡಚ್‌ಮನ್ ಹಿಂದಿನ ವರ್ಷ ವೋಲ್ಟಿಜರ್ ಎಂಬ ಕಿರಿಯ ಕುದುರೆಯ ಮುಂದೆ ಸೋತಿತ್ತು. ಈ ಸಲ ರೌಸ್ ಹಿರಿಯ ಕುದುರೆಗೆ ಎಂಟೂವರೆ ಪೌಂಡ್, ಅಂದರೆ ನಾಲ್ಕು ಕೆಜಿಗೆ ಕೊಂಚ ಕಡಿಮೆ, ಹೆಚ್ಚಿಗೆ ಹೊರಿಸಿದ. ಎರಡು ಮೈಲಿ ಓಡಿದ ಮೇಲೆ ಡಚ್‌ಮನ್ ಗೆದ್ದದ್ದು ಒಂದೇ ಒಂದು ಲೆಂತ್, ಅಂದರೆ ಒಂದು ಕುದುರೆಯ ಉದ್ದದ, ಅಂತರದಲ್ಲಿ.

ಒಂದು ಕೆಜಿ ನಿಜಕ್ಕೂ ಎಷ್ಟು ತಡೆಯುತ್ತದೆ? ಹ್ಯಾಂಡಿಕ್ಯಾಪರ್‌ಗಳ ಹಳೆಯ ಸೂತ್ರ ಹೀಗಿದೆ: ಸಾವಿರ ಮೀಟರಿನ ಓಟದಲ್ಲಿ ಮೂರು ಪೌಂಡ್ ಹೆಚ್ಚಾದರೆ ಒಂದು ಲೆಂತ್ ಹಿನ್ನಡೆ, ಒಂದು ಮೈಲಿಗೆ ಎರಡು ಪೌಂಡ್, ಒಂದೂವರೆ ಮೈಲಿಗೆ ಒಂದು ಪೌಂಡ್. ಇದನ್ನು ಕಾಗದದ ಮೇಲೆ ಹಾಕಿ ನೋಡಿದರೆ ಸೊಗಸಾದ ಸಂಗತಿ ಸಿಗುತ್ತದೆ. ಕುದುರೆ, ಜಾಕಿ ಸೇರಿ ಸುಮಾರು 540 ಕೆಜಿ ಎಂದುಕೊಳ್ಳಿ; ಒಂದು ಲೆಂತ್ ಸುಮಾರು 2.4 ಮೀಟರ್. ಎರಡು ಪೌಂಡ್ ಎಂದರೆ 0.9 ಕೆಜಿ, ಒಟ್ಟು ಭಾರದ ಶೇ 0.17. 1,600 ಮೀಟರಿನಲ್ಲಿ 2.4 ಮೀಟರ್ ಎಂದರೆ ಶೇ 0.15. ಸಾವಿರ ಮೀಟರಿನ ಲೆಕ್ಕದಲ್ಲಿ ಎರಡೂ ಶೇ 0.25ರ ಆಸುಪಾಸಿಗೆ ಬರುತ್ತವೆ. ಅಂದರೆ ಭಾರ ಎಷ್ಟು ಪಾಲು ಹೆಚ್ಚಿತೋ ಓಟ ಹೆಚ್ಚುಕಡಿಮೆ ಅಷ್ಟೇ ಪಾಲು ತಗ್ಗುತ್ತದೆ ಎಂಬುದೇ ಆ ಸೂತ್ರದ ತಿರುಳು. ಪಾಲು ಅತಿ ಚಿಕ್ಕದು, ನಿಜ. ಆದರೆ ರೇಸುಗಳು ತಲೆಯಂತರ, ಕುತ್ತಿಗೆಯಂತರದಲ್ಲಿ ತೀರ್ಮಾನವಾಗುವಾಗ ಆ ಚಿಕ್ಕ ಪಾಲೇ ಒಂದನೇ ಸ್ಥಾನವನ್ನು ಮೂರನೆಯದಾಗಿಸಬಲ್ಲದು. ಐನೂರು ಕೆಜಿ ಪ್ರಾಣಿಗೆ ಎರಡು ಕೆಜಿ ಯಾವ ಲೆಕ್ಕ ಎನ್ನುವವರಿಗೆ ಇದೇ ಉತ್ತರ.

ದೂರ ಹೆಚ್ಚಿದಷ್ಟೂ ಇದು ಎದ್ದು ಕಾಣುತ್ತದೆ. ಇಂಗ್ಲೆಂಡಿನ ಬೇಲಿ ಜಿಗಿತದ ರೇಸಾದ 1973ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಕ್ರಿಸ್ಪ್ ಎಂಬ ಕುದುರೆ 76 ಕೆಜಿ ಹೊತ್ತಿತ್ತು. ರೆಡ್ ರಮ್ ಅದಕ್ಕಿಂತ 23 ಪೌಂಡ್, ಅಂದರೆ ಹತ್ತು ಕೆಜಿಗೂ ಮಿಕ್ಕಿ ಹಗುರ. ನಾಲ್ಕು ಮೈಲಿಗೂ ಹೆಚ್ಚಿನ ಓಟ, ಮೂವತ್ತು ಬೇಲಿ. ಕೊನೆಯ ಬೇಲಿ ದಾಟುವಾಗ ಕ್ರಿಸ್ಪ್ ಸುಮಾರು ಹದಿನೈದು ಲೆಂತ್ ಮುಂದಿತ್ತು. ಅಲ್ಲಿಂದ ಅದರ ಕಾಲು ಸೋತಿತು, ರೆಡ್ ರಮ್ ಮುಕ್ಕಾಲು ಲೆಂತ್‌ನಲ್ಲಿ ಗೆದ್ದಿತು. ಆಸ್ಟ್ರೇಲಿಯಾದಲ್ಲಿ ಓಡುತ್ತಿದ್ದ ಫಾರ್ ಲ್ಯಾಪ್ 1930ರಲ್ಲಿ 62.5 ಕೆಜಿ ಹೊತ್ತು ಮೆಲ್ಬರ್ನ್ ಕಪ್ ಗೆದ್ದು, ಮರುವರ್ಷ 68 ಕೆಜಿ ಹೊತ್ತು ಎಂಟನೆಯದಾಯಿತು.

ಹಾಗಾದರೆ ಟಾಪ್ ವೇಟ್ ಬಿಟ್ಟುಬಿಡುವುದೇ ಸರಿಯೇ? ಇಲ್ಲ. ಫಲಿತಾಂಶಗಳನ್ನು ವರ್ಷಗಟ್ಟಲೆ ಕೂಡಿಸಿ ನೋಡಿದರೆ ತೂಕದ ಪಟ್ಟಿಯ ಮೇಲಿನ ಕುದುರೆಗಳೇ ಕೆಳಗಿನವುಗಳಿಗಿಂತ ಹೆಚ್ಚು ಸಲ ಗೆದ್ದಿರುತ್ತವೆ. ಹೆಚ್ಚು ತೂಕ ಸಿಕ್ಕಿದ್ದೇ ಆ ಕುದುರೆ ಹಿಂದೆ ಚೆನ್ನಾಗಿ ಓಡಿದ್ದಕ್ಕೆ ಸಾಕ್ಷಿ. ಜೊತೆಗೆ ತೂಕವನ್ನು ಮೇಲೂ ಕೆಳಗೂ ಒಂದು ಮಿತಿ ದಾಟಿಸಲಾಗುವುದಿಲ್ಲ. ತೀರಾ ದುರ್ಬಲ ಕುದುರೆಗೆ 40 ಕೆಜಿ ಸಾಕೆಂದರೆ ಆ ತೂಕದ ಜಾಕಿಯನ್ನು ಎಲ್ಲಿಂದ ತರುವುದು? ಹೀಗೆ ಅಂತರ ಕುಗ್ಗಿ, ಒಳ್ಳೆಯ ಕುದುರೆಗೆ ಕೊಂಚ ಮೇಲುಗೈ ಉಳಿದೇ ಇರುತ್ತದೆ. 1890ರಲ್ಲಿ ಕಾರ್ಬೈನ್ ಸುಮಾರು 66 ಕೆಜಿ ಹೊತ್ತು 39 ಕುದುರೆಗಳ ನಡುವೆ ಮೆಲ್ಬರ್ನ್ ಕಪ್ ಗೆದ್ದದ್ದನ್ನು ಮರೆಯಬಾರದು.

ಮೈಸೂರಿಗೆ ಕುದುರೆ ಹೊಸದಲ್ಲ. ಕುಣಿಗಲ್ ಫಾರಂ ಟಿಪ್ಪು ಕಾಲದ್ದು. ಆದರೆ ಸೈನ್ಯಕ್ಕೆ ಬೇಕಿದ್ದುದು ಭಾರ ಹೊತ್ತು ದಿನವಿಡೀ ನಡೆಯುವ ಕುದುರೆ. ಅರ್ಧ ಕೆಜಿಯನ್ನೂ ತೂಗಿ ನೋಡುವ ರೇಸಿನ ಲೆಕ್ಕ ಬ್ರಿಟಿಷರ ಜೊತೆ ಬಂದದ್ದು. ಹತ್ತನೇ ಚಾಮರಾಜ ಒಡೆಯರ್ ಕಾಲದಲ್ಲಿ, 1891ರಲ್ಲಿ, ಮೈಸೂರು ರೇಸ್ ಕ್ಲಬ್ ಹುಟ್ಟಿತು. ಇಲ್ಲಿಯ ದೊಡ್ಡ ರೇಸಾದ ಡರ್ಬಿ ಹ್ಯಾಂಡಿಕ್ಯಾಪ್ ಅಲ್ಲ. ಅದರಲ್ಲಿ ಗಂಡು ಕುದುರೆಗಳಿಗೆಲ್ಲ ಒಂದೇ ತೂಕ, ಹೆಣ್ಣಿಗೆ ಕೊಂಚ ರಿಯಾಯಿತಿ. ಆದರೆ ದಿನನಿತ್ಯದ ರೇಸುಗಳ ಪಟ್ಟಿಯಲ್ಲಿ ಬಹುಪಾಲು ರೇಟಿಂಗ್, ಅಂದರೆ ಹ್ಯಾಂಡಿಕ್ಯಾಪರ್ ಕುದುರೆಗೆ ಕೊಡುವ ಅಂಕದ, ಆಧಾರದ ಹ್ಯಾಂಡಿಕ್ಯಾಪ್‌ಗಳೇ. ಗೆದ್ದರೆ ರೇಟಿಂಗೂ ಅದರೊಂದಿಗೆ ತೂಕವೂ ಏರುತ್ತವೆ, ಸೋಲುತ್ತ ಹೋದರೆ ಇಳಿಯುತ್ತವೆ. ಇನ್ನೂ ಕಲಿಯುತ್ತಿರುವ ಅಪ್ರೆಂಟಿಸ್ ಜಾಕಿ ಹತ್ತಿದರೆ ಅವನ ರಿಯಾಯಿತಿಯಷ್ಟು ತೂಕ ಕಳೆಯುತ್ತದೆ. ರೇಸ್ ಬುಕ್ಕಿನಲ್ಲಿ ಹಲವರು ಗಮನಿಸದೆ ಬಿಡುವ ಅಂಕಿ ಅದು.

1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸು ಕೌಶಲದ ಆಟ ಎಂದಿತು. ತೂಕದ ಏರ್ಪಾಟು ಎಲ್ಲ ಕುದುರೆಗಳನ್ನೂ ನಿಜಕ್ಕೂ ಸಮ ಮಾಡುವಂತಿದ್ದರೆ ಫಲಿತಾಂಶ ಬರೀ ಅದೃಷ್ಟವಾಗಿ ಕೌಶಲಕ್ಕೆ ಜಾಗವೇ ಇರುತ್ತಿರಲಿಲ್ಲ. ಹ್ಯಾಂಡಿಕ್ಯಾಪರ್ ಅಳೆಯುವುದು ನಿನ್ನೆಯ ಓಟವನ್ನು. ಇವತ್ತು ಕುದುರೆ ಸುಧಾರಿಸಿರಬಹುದು, ಮಳೆಗೆ ನೆಲ ಮೆತ್ತಗಾಗಿರಬಹುದು, ದೂರ ಬದಲಾಗಿರಬಹುದು. ಓದಬೇಕಾದ್ದು ಆ ವ್ಯತ್ಯಾಸವನ್ನೇ.

ಈ ವ್ಯವಸ್ಥೆಗೆ ಒಂದು ಹಳೇ ರೋಗವಿದೆ. ಸೋತರೆ ತೂಕ ಇಳಿಯುವುದರಿಂದ, ಬೇಕೆಂದೇ ಕುದುರೆಯನ್ನು ಪೂರ್ತಿ ಓಡಿಸದೆ ಹಿಡಿದಿಟ್ಟು, ತೂಕ ಇಳಿದ ಮೇಲೆ ಗೆಲ್ಲಿಸುವ ಆಸೆ. ಇದು ಹಣ ಕಟ್ಟಿದ ಜನರಿಗೂ, ನಿಯತ್ತಾಗಿ ಓಡಿಸುವ ಟ್ರೈನರ್‌ಗಳಿಗೂ ಮಾಡುವ ಮೋಸ. ಇದರಲ್ಲಿ ಕಿಂಚಿತ್ತೂ ರಿಯಾಯಿತಿ ಇರಬಾರದು. ಅದಕ್ಕೇ ರೇಸಿನ ಮೇಲ್ವಿಚಾರಕರಾದ ಸ್ಟೀವರ್ಡ್‌ಗಳು ರೇಸಿನ ವಿಡಿಯೊ ಮತ್ತೆ ಮತ್ತೆ ನೋಡುತ್ತಾರೆ, ಜಾಕಿಯನ್ನೂ ಟ್ರೈನರ್‌ನನ್ನೂ ಕರೆಸಿ ವಿಚಾರಿಸುತ್ತಾರೆ. ರೇಸು ಮುಗಿದ ಕೂಡಲೇ ಗೆದ್ದ ಜಾಕಿ ಜೀನು ಕಳಚಿಕೊಂಡು ಮತ್ತೆ ತಕ್ಕಡಿ ಏರಲೇಬೇಕು. ಹೊರಟಾಗಿನ ತೂಕಕ್ಕಿಂತ ಮಿತಿ ಮೀರಿ ಕಡಿಮೆ ಬಂದರೆ ಎಷ್ಟು ಲೆಂತ್‌ನಲ್ಲಿ ಗೆದ್ದಿದ್ದರೂ ಕುದುರೆ ಅನರ್ಹ.