ಜುನಿಪರ್ ನೆಲಹಾಸು: ಪುಣೆಯ ಎರೆಮಣ್ಣು ಕಲಿಸಿದ್ದು

ನಮ್ಮ ಸೊಸೈಟಿಯ ಗೇಟಿನ ಪಕ್ಕ ಒಂದು ಇಳಿಜಾರಿದೆ. ಹುಲ್ಲು ಹಾಕಿದರೆ ಕತ್ತರಿಸುವವರು ಯಾರು? ಅದಕ್ಕೇ ನೆಲಹಾಸಾಗಿ, ಅಂದರೆ ನೆಲಕ್ಕೆ ಅಂಟಿಕೊಂಡು ಹರಡಿ ಮಣ್ಣು ಮುಚ್ಚುವ, ವರ್ಷವಿಡೀ ಹಸಿರಾಗಿರುವ ಜುನಿಪರ್ ಎಂಬ ಗಿಡದ ಬಗ್ಗೆ ಓದಲು ಕೂತೆ. ಪುಣೆಯಲ್ಲಿ ನನ್ನಂತೆಯೇ ಕೈತೋಟ ಕಲಿಯುತ್ತಿರುವ ಕನ್ನಡದವರಿಗೆ ಈ ಟಿಪ್ಪಣಿ.

ನರ್ಸರಿಯಲ್ಲಿ ಸುಮ್ನೆ ‘ಜುನಿಪರ್’ ಎಂದು ಕೇಳಬೇಡಿ. ನೆಟ್ಟಗೆ ಬೆಳೆಯುವ ಚೈನೀಸ್ ಜುನಿಪರ್ ಕೈಗೆ ಬರಬಹುದು. ನೆಲಹಾಸಿಗೆ ಬೇಕಾದವು ಬೇರೆ. ಜುನಿಪೆರಸ್ ಹೊರಿಜೊಂಟಾಲಿಸ್ ಉತ್ತರ ಅಮೆರಿಕದ್ದು. ಅದರ ‘ವಿಲ್ಟೊನಿ’ ತಳಿ ಸುಮಾರು 15 ಸೆಂ.ಮೀ. ಎತ್ತರದಲ್ಲೇ ನಿಂತು, ಅಗಲಕ್ಕೆ 2 ಮೀಟರ್‌ವರೆಗೂ ಹಬ್ಬುತ್ತದೆ. ಇನ್ನೊಂದು ಜಾತಿ ಜುನಿಪೆರಸ್ ಪ್ರೊಕಂಬೆನ್ಸ್ ಜಪಾನಿನದು, ಬೋನ್ಸಾಯ್ ಮಾಡುವವರಿಗೆ ಪರಿಚಿತ. ಜುನಿಪೆರಸ್ ಕಾನ್ಫರ್ಟಾ ಜಪಾನಿನ ಕಡಲತೀರದ ಮರಳಿನಲ್ಲಿ ಬೆಳೆಯುವಂಥದ್ದು, ಉಪ್ಪುಗಾಳಿ ತಡೆದುಕೊಳ್ಳುತ್ತದೆ. ಇದನ್ನು ಓದಿದ ಮುಂಬೈ, ಗೋವಾದ ಗೆಳೆಯರಿಗೆ ಆಸೆ ಹುಟ್ಟುತ್ತದೆ, ಅಲ್ವಾ? ತಡೆಯಿರಿ. ಉಪ್ಪು ತಡೆದರೂ ಅಲ್ಲಿ ನಾಲ್ಕು ತಿಂಗಳಲ್ಲಿ ಸುರಿಯುವ 2000 ಮಿ.ಮೀ.ಗೂ ಜಾಸ್ತಿ ಮಳೆ ಮತ್ತು ಸೆಕೆಯನ್ನು ತಡೆಯಬೇಕಲ್ಲ.

ಪುಣೆಯಲ್ಲಿ ಮಳೆ ಅದಕ್ಕಿಂತ ಬಹಳ ಕಡಿಮೆ. ಆದರೂ ನನ್ನ ಮೊದಲ ಗಿಡಗಳು ನೀರಿನಿಂದಲೇ ಸತ್ತವು. ಜುಲೈನಲ್ಲಿ, ಇಳಿಜಾರಿನ ಬುಡದ ಎರೆಮಣ್ಣಿನಲ್ಲಿ ನೆಟ್ಟಿದ್ದೆ. ಗಣಪತಿ ಹಬ್ಬಕ್ಕೆ ಹಸಿರಾಗಿಯೇ ಇದ್ದವು. ದಸರೆ ಹೊತ್ತಿಗೆ ಕಂದು. ಬಾಯಾರಿರಬೇಕು ಎಂದುಕೊಂಡು ಇನ್ನೂ ಎರಡು ಬಕೆಟ್ ಸುರಿದೆ! ಕೊನೆಗೆ ಕಿತ್ತು ನೋಡಿದರೆ ಬೇರು ಕಪ್ಪಾಗಿತ್ತು, ಸಿಪ್ಪೆ ಹಾಗೇ ಜಾರಿ ಬಂತು.

ಕಾರಣ ಇಷ್ಟು. ಬೇರಿಗೂ ಗಾಳಿ ಬೇಕು. ಎರೆಮಣ್ಣಿನ ಕಣ ತೀರಾ ಸಣ್ಣದು, ನೀರು ಹಿಡಿದರೆ ಬಿಡುವುದಿಲ್ಲ. ಗಾಳಿ ಇರಬೇಕಾದ ಸಂದಿಯಲ್ಲೆಲ್ಲ ನೀರೇ ತುಂಬುತ್ತದೆ. ಸಾಲದ್ದಕ್ಕೆ ಫೈಟಾಫ್ತೊರಾ ಎಂಬ ರೋಗಾಣು, ಅದರ ಬೀಜಕಣಗಳು ನೀರಿನಲ್ಲಿ ಈಜಿಕೊಂಡೇ ಬೇರು ಸೇರುತ್ತವೆ. ಬೇರು ಕೊಳೆತರೂ ಜುನಿಪರಿನ ಎಲೆ ಕೆಲವು ವಾರ ಹಸಿರಾಗಿಯೇ ಇರುತ್ತದೆ. ದಾಸವಾಳದಂತೆ ಜೋತುಬಿದ್ದು ಎಚ್ಚರಿಸುವ ಅಭ್ಯಾಸ ಇದಕ್ಕಿಲ್ಲ. ಅನುಮಾನ ಬಂದರೆ ಕೊಂಬೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಆ ಕೊಂಬೆಗೆ ಇನ್ನೂ ಜೀವವಿದೆ.

ಎರಡನೇ ಸಲ ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ ನೆಟ್ಟೆ. ಗರಸು (ಇಲ್ಲಿಯವರ ಬಾಯಲ್ಲಿ ‘ಮುರುಮ್’) ಜಾಸ್ತಿ ಬೆರೆಸಿ ಒಂದಡಿ ಎತ್ತರದ ದಿಬ್ಬ ಮಾಡಿದೆ. ಗಿಡದ ಬುಡವನ್ನು ಸುತ್ತಲಿನ ಮಣ್ಣಿಗಿಂತ ಒಂದು ಬೆರಳು ಮೇಲಿಟ್ಟೆ. ಗಿಡದಿಂದ ಗಿಡಕ್ಕೆ ಒಂದೂವರೆ ಮೀಟರ್. ಮೊದಲು ಬೋಳುಬೋಳಾಗಿ ಕಾಣುತ್ತದೆ, ಪಕ್ಕದ ಮನೆಯವರು ನಗುತ್ತಾರೆ, ನಗಲಿ. ಸಂದಿಯ ಕಳೆಯನ್ನು ಕೈಯಿಂದ ಕೀಳಬೇಕು. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಮೊದಲ ವರ್ಷ ಮೇಲ್ಮಣ್ಣು ಒಣಗಿದ ಮೇಲಷ್ಟೇ ಆಳಕ್ಕಿಳಿಯುವಂತೆ ನೀರು.

ಕತ್ತರಿ ಹಿಡಿಯುವಾಗ ಹುಷಾರು. ದಾಸವಾಳವನ್ನು ಎಲ್ಲಿ ಕಡಿದರೂ ಚಿಗುರುತ್ತದೆ. ಜುನಿಪರ್ ಹಾಗಲ್ಲ. ಎಲೆಯಿಲ್ಲದ ಹಳೇ ಕೊಂಬೆಗೆ ಕತ್ತರಿ ಹಾಕಿದರೆ ಅಲ್ಲಿ ಮತ್ತೆ ಚಿಗುರು ಬರುವುದಿಲ್ಲ, ಆ ಬೋಳು ಹಾಗೇ ಉಳಿಯುತ್ತದೆ. ಹಸಿರಿನೊಳಗೇ ಕತ್ತರಿಸಿ.

ಏಪ್ರಿಲ್‌ನ ಒಣ ಬಿಸಿಲಿಗೆ ಎಲೆ ಮಾಸಿದಂತೆ ಕಂಡರೆ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿ. ಉದುರಿದ ಚುಕ್ಕಿಗಳು ನಡೆದಾಡಿದರೆ ಅದು ಎಲೆಯ ರಸ ಹೀರುವ ಮೈಟ್ ನುಸಿ. ಬೆಳಿಗ್ಗೆ ಪೈಪಿನಿಂದ ಜೋರಾಗಿ ನೀರು ಹೊಡೆದು ತೊಳೆಯಿರಿ. ಎಲೆಗೆ ಮಾತ್ರ, ಬುಡಕ್ಕಲ್ಲ.